ಕಾರು ಕಡಲು ದಾಟುವ ಮೊದಲು

ಕೊಲ್ಲಿ ದೇಶದ ನಂಬರ್ ಪ್ಲೇಟ್ ಇರುವ ಕಾರು ಕೇರಳದಲ್ಲಾಗಲಿ, ನಮ್ಮ ಕರಾವಳಿಯಲ್ಲಾಗಲಿ ಈಗ ಅಪರೂಪದ ನೋಟವೇನಲ್ಲ. ದುಬೈ, ಶಾರ್ಜಾ, ಅಬುಧಾಬಿಯಲ್ಲಿ ದುಡಿಯುವ ನಮ್ಮವರಲ್ಲಿ ಅನುಕೂಲ ಕಂಡ ಕೆಲವರು ರಜೆಗೆ ಬರುವಾಗ ತಾವು ವಿಮಾನದಲ್ಲಿ ಬಂದು, ಕಾರನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಾರೆ. ಇನ್ನು ಕೆಲವರು ಇಲ್ಲಿಂದಲೇ ಕಾರು ಕಳಿಸಿ, ಅರಬ್ ದೇಶಗಳಲ್ಲೋ ಯುರೋಪಿನಲ್ಲೋ ಸುತ್ತಿ ಬರುತ್ತಾರೆ. ಅದರಲ್ಲೂ ನೆಲಕ್ಕೆ ತಾಗಿದ ಹಾಗೆ ಕಾಣುವ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರಾದರೆ ಊರಿಗೆ ಊರೇ ಬಂದು ಸುತ್ತ ನಿಲ್ಲುತ್ತದೆ. ನಮ್ಮ ತಾಳಗುಪ್ಪದಂಥ ಊರಿಗೆ ಆ ಕಾರು ಬಾರದಿದ್ದರೂ ಅದರ ವಿಡಿಯೊ ಎಂದೋ ಬಂದಾಗಿದೆ. ಮದ್ರಸ ಬಿಟ್ಟ ಕೂಡಲೇ ಮಕ್ಕಳು ಅಣ್ಣಂದಿರ ಮೊಬೈಲಿನಲ್ಲಿ ಅದನ್ನೇ ನೋಡುತ್ತಾರೆ.

ಈ ಬಗ್ಗೆ ಒಂದೆರಡು ಮಾತು ಬರೆಯಲೇಬೇಕು ಅನಿಸಿತು. ಶ್ರೀಮಂತರನ್ನು ಬಯ್ಯುವುದು ಸುಲಭ, ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಹಲಾಲ್ ದುಡಿಮೆಯವನಿಗೆ ಒಳ್ಳೆಯ ವಾಹನ ಅಲ್ಲಾಹನ ನಿಅ್‌ಮತ್. ನನ್ನ ಪ್ರಶ್ನೆ ಬೇರೆ. ಕಾರು ಕಡಲು ದಾಟಬೇಕಾದರೆ ಸರಕಾರಗಳು ಎಷ್ಟೆಲ್ಲ ಖಾತರಿ ಕೇಳುತ್ತವೆ ನೋಡಿ. ಅಷ್ಟು ಕಾಗದ ಸರಿಮಾಡಿಕೊಳ್ಳುವ ನಾವು, ಪ್ರಯಾಣಿಕನಿಗೆ ದೀನ್ ವಿಧಿಸಿದ ಖಾತರಿಗಳನ್ನು ಪೂರೈಸಿ ಹೊರಡುತ್ತಿದ್ದೇವೆಯೇ?

ವಾಹನ ನೀರಿನ ಮೇಲೆ ಹೋಗುವುದು ನಮ್ಮ ಸಾಗರ ಸೀಮೆಯವರಿಗೆ ಹೊಸತಲ್ಲ. ಲಿಂಗನಮಕ್ಕಿ ಅಣೆಕಟ್ಟಾಗಿ ಶರಾವತಿಯ ಹಿನ್ನೀರು ತುಂಬಿದ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ದಶಕಗಳ ಕಾಲ ಲಾಂಚ್‌ನಲ್ಲೇ ಜೀಪು, ಕಾರು, ಬಸ್ಸು ಎಲ್ಲ ದಾಟಿದವು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗುವ ತನಕ ಅಲ್ಲಿ ಸಾಲು ನಿಂತು ಕಾದವರು ನಮ್ಮಲ್ಲಿ ಎಷ್ಟೋ ಮಂದಿ. ಲಾಂಚ್‌ಗೆ ಟಿಕೆಟ್ ತೆಗೆದರೆ ಮುಗಿಯಿತು. ಆದರೆ ಸಮುದ್ರದ ಆಚೆ ಇನ್ನೊಂದು ದೇಶ, ಅದರದೇ ಸುಂಕ, ಅದರದೇ ಕಾನೂನು. ಅಲ್ಲಿಗೆ ಟಿಕೆಟ್ ಸಾಲದು.

ಅದಕ್ಕೆ ಬೇಕಾದದ್ದು ‘ಕಾರ್ನೆ’ ಎಂಬ ಪುಸ್ತಕ. ಕಾರಿನ ಪಾಸ್‌ಪೋರ್ಟ್ ಅಂದುಕೊಳ್ಳಿ. ಖಾಸಗಿ ವಾಹನಗಳ ತಾತ್ಕಾಲಿಕ ಆಮದಿಗಾಗಿ 1954ರಲ್ಲಿ ನ್ಯೂಯಾರ್ಕಿನಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದ ಇದರ ಹಿಂದಿದೆ. ಆಯಾ ದೇಶದ ಮಾನ್ಯತೆ ಪಡೆದ ಮೋಟಾರು ಸಂಘ ಇದನ್ನು ಕೊಡುತ್ತದೆ. ನಮ್ಮಲ್ಲಿ ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇಂಥದ್ದೊಂದು ಸಂಸ್ಥೆ. ಸುಮ್ಮನೆ ಕೊಡುವುದಿಲ್ಲ. ಬ್ಯಾಂಕ್ ಗ್ಯಾರಂಟಿ ಅಥವಾ ಠೇವಣಿ ಇಡಬೇಕು. ಕೆಲವು ದೇಶಗಳಿಗೆ ಹೋಗಬೇಕಾದರೆ ಕಾರಿನ ಬೆಲೆಗಿಂತಲೂ ಹೆಚ್ಚಿನ ಖಾತರಿ ಕೇಳುವುದುಂಟು.

ಕಾರು ಬಂದರಿಗೆ ಬಂದಾಗ ಕಸ್ಟಮ್ಸ್‌ನವರು ಪುಸ್ತಕದ ಹಾಳೆಗೆ ಮುದ್ರೆ ಹಾಕುತ್ತಾರೆ, ಹಿಂದಿರುಗುವಾಗ ಇನ್ನೊಂದು ಮುದ್ರೆ. ಈ ಎರಡನೇ ಮುದ್ರೆ ಬೀಳದಿದ್ದರೆ ಕಾರು ಆ ದೇಶದಲ್ಲೇ ಉಳಿಯಿತು ಎಂದು ಲೆಕ್ಕ. ಸುಂಕವನ್ನು ಸಂಘದಿಂದ ಕೇಳುತ್ತಾರೆ, ಸಂಘ ನಿಮ್ಮ ಠೇವಣಿಯಿಂದ ಮುರಿದುಕೊಳ್ಳುತ್ತದೆ. ನಮ್ಮ ದೇಶದಲ್ಲಿ ಹೀಗೆ ಬಂದ ವಾಹನಕ್ಕೆ ಸಾಮಾನ್ಯವಾಗಿ ಆರು ತಿಂಗಳ ಅವಕಾಶ. ಅದರೊಳಗೆ ಅದು ಮರಳಿ ಹೋಗಲೇಬೇಕು. ಮಾರುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ.

ಕಿತಾಬ್ ಓದಿದವನ ಕಣ್ಣಿಗೆ ಇದು ಅಮಾನತ್‌ನ ವಿಷಯವಾಗಿ ಕಾಣುತ್ತದೆ. ‘ಈ ವಾಹನವನ್ನು ನಿಮ್ಮ ನೆಲದಿಂದ ತಿರುಗಿ ಒಯ್ಯುತ್ತೇನೆ’ ಎಂದು ಒಬ್ಬ ಮನುಷ್ಯ ಒಂದು ದೇಶಕ್ಕೆ ಕೊಟ್ಟ ಮಾತು ಅದು. ‘ಗ್ಯಾರಂಟಿ ಹಣ ಹೋದರೆ ಹೋಗಲಿ, ಕಾರು ಇಲ್ಲೇ ಇರಲಿ’ ಎನ್ನುವವರ ಮಾತು ಕಿವಿಗೆ ಬಿದ್ದದ್ದುಂಟು. ಆರು ತಿಂಗಳು ಕಳೆದ ಮೇಲೂ ಶೆಡ್ಡಿನಲ್ಲಿ ಮುಚ್ಚಿಟ್ಟುಕೊಳ್ಳುವ ಉಪಾಯ ಹೇಳಿಕೊಡುವವರೂ ಇದ್ದಾರೆ. ಸಹೋದರರೇ, ಮಾತು ಮುರಿಯುವುದು ಯಾರ ಲಕ್ಷಣ ಎಂದು ನಮ್ಮ ಮೂರನೇ ತರಗತಿಯ ಮಕ್ಕಳಿಗೂ ಗೊತ್ತು. ಸರಕಾರಕ್ಕೆ ಕೊಟ್ಟ ಮಾತು ಮಾತಲ್ಲ ಅಂತ ಯಾವ ಕಿತಾಬಿನಲ್ಲೂ ಇಲ್ಲ.

ಸುಂಕದ ವಿಷಯದಲ್ಲಿ ಹುಷಾರಾಗಿರಲು ಇನ್ನೊಂದು ಕಾರಣವೂ ಇದೆ. 2025ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್ ಇಲಾಖೆ ‘ನುಮ್‌ಖೋರ್’ ಎಂಬ ಹೆಸರಿನ ಕಾರ್ಯಾಚರಣೆ ನಡೆಸಿ, ಭೂತಾನ್ ದಾರಿಯಾಗಿ ಸುಂಕ ತಪ್ಪಿಸಿ ತಂದವು ಎಂಬ ಆರೋಪದ ಮೇಲೆ ಕೇರಳದಲ್ಲಿ ಹಲವು ದುಬಾರಿ ವಾಹನಗಳನ್ನು ಹಿಡಿಯಿತು. ಅದು ಕಾರ್ನೆಯ ದಾರಿಯಲ್ಲ, ಪ್ರಕರಣವೇ ಬೇರೆ. ಆದರೂ ವಿದೇಶಿ ಕಾರು ಎಂದ ಕೂಡಲೇ ಅಧಿಕಾರಿಗಳ ಕಣ್ಣು ಈಗ ಹರಿತವಾಗಿದೆ. ಕಾಗದ ಸರಿ ಇಲ್ಲದವನಿಂದಾಗಿ ಕಾಗದ ಸರಿ ಇದ್ದವನೂ ರಸ್ತೆ ಬದಿಯಲ್ಲಿ ನಿಲ್ಲಬೇಕಾಗುತ್ತದೆ.

ಇನ್ನು ವಿಮೆ. ಕೊಲ್ಲಿಯಲ್ಲಿ ಮಾಡಿಸಿದ ವಿಮೆ ಇಲ್ಲಿಯ ರಸ್ತೆಗೂ ಸಾಕು ಎಂದು ಭಾವಿಸಬೇಡಿ. ನಮ್ಮ ಮೋಟಾರು ವಾಹನ ಕಾಯಿದೆಯ ಪ್ರಕಾರ ಮೂರನೆಯವರ ವಿಮೆ ಇಲ್ಲದೆ ವಾಹನ ರಸ್ತೆಗೆ ಇಳಿಯುವಂತೆಯೇ ಇಲ್ಲ. ಆ ಕಾರುಗಳ ಸ್ಟೀರಿಂಗ್ ಎಡಕ್ಕೆ. ನಮ್ಮದು ಆಗುಂಬೆ, ಹುಲಿಕಲ್, ಗೇರುಸೊಪ್ಪೆ ಘಾಟಿಗಳ ಸೀಮೆ. ಎಡಕ್ಕೆ ಕುಳಿತವನಿಗೆ ಮುಂದಿನ ಲಾರಿಯ ಆಚೆ ಏನು ಬರುತ್ತಿದೆ ಕಾಣುವುದಿಲ್ಲ, ಮಳೆಗಾಲದ ಮಂಜಿನಲ್ಲಂತೂ ಕೇಳುವುದೇ ಬೇಡ. ಎದುರಿಂದ ಬೈಕಿನಲ್ಲಿ ಬರುವ ಒಬ್ಬ ಕೂಲಿಯಾಳಿಗೆ ಏನಾದರೂ ಆದರೆ ಅವನ ಮನೆಯವರಿಗೆ ಯಾರು ಗತಿ? ಅಲ್ಲಾಹನ ಹಕ್ಕಿನಲ್ಲಿ ಆದ ಕೊರತೆಗೆ ತೌಬಾ ಇದೆ. ಮನುಷ್ಯನ ಹಕ್ಕಿಗೆ ಆ ಮನುಷ್ಯನೇ ಬಿಟ್ಟುಕೊಡಬೇಕು. ‘ಸ್ವಲ್ಪ ಓಡಿಸಿ ನೋಡು’ ಅಂತ ಭಾವನ ಕೈಗೋ ತಮ್ಮನ ಕೈಗೋ ಕೀಲಿ ಕೊಡುವ ಮೊದಲು ಕಾರ್ನೆಯಲ್ಲೂ ವಿಮೆಯಲ್ಲೂ ಓಡಿಸಲು ಯಾರಿಗೆ ಅನುಮತಿ ಇದೆ ಎಂದು ಓದಿಕೊಳ್ಳಿ.

ಕಾನೂನು ಆಯಿತು. ಈಗ ದೀನ್‌ನ ಲೆಕ್ಕಕ್ಕೆ ಬರೋಣ.

ಒಬ್ಬ ಹುಡುಗ ತರಗತಿಯಲ್ಲೇ ಕೇಳಿದ, “ಉಸ್ತಾದ್, ಕಾರು ಹಡಗಲ್ಲಿ ಕಳಿಸಿ ಸುಮ್ಮನೆ ಸುತ್ತೋದು ಹರಾಮಾ?” ಅಲ್ಲ ಅಂತಲೇ ಹೇಳಿದೆ. ಮನಸ್ಸಿನ ಉಲ್ಲಾಸಕ್ಕಾಗಿ ಹೊರಡುವ ಪ್ರಯಾಣವನ್ನೂ ನಮ್ಮ ಶಾಫಿಈ ಕಿತಾಬುಗಳು ಸರಿಯಾದ ಉದ್ದೇಶ ಎಂದೇ ಒಪ್ಪುತ್ತವೆ. ದೂರ ಸಾಕಷ್ಟಿದ್ದರೆ ಅವನಿಗೂ ನಮಾಝ್ ಖಸ್ರ್ ಮಾಡುವ ರಿಯಾಯಿತಿ ಇದೆ. ಪಾಪದ ಉದ್ದೇಶಕ್ಕೆ ಹೊರಟವನಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಿ ಎಂದು ಕುರ್‌ಆನ್ ಹಲವು ಕಡೆ ಹೇಳಿದೆ. ಹಾಗಾಗಿ ‘ಸುತ್ತಾಟವೇ ಕೆಟ್ಟದ್ದು’ ಅಂತ ಯಾರೂ ನಮ್ಮ ಮಕ್ಕಳಿಗೆ ಹೇಳುವುದು ಬೇಡ.

ಆದರೆ ಅದೇ ಕಿತಾಬುಗಳು ಹೊರಡುವವನ ಮುಂದೆ ಕೆಲವು ಷರತ್ತು ಇಟ್ಟಿವೆ. ವಾಯಿದೆ ಮುಗಿದ ಸಾಲ ಇದ್ದು, ತೀರಿಸುವ ಶಕ್ತಿಯೂ ಇದ್ದರೆ, ಸಾಲ ಕೊಟ್ಟವನ ಒಪ್ಪಿಗೆ ಇಲ್ಲದೆ ದೂರ ಪ್ರಯಾಣ ಹೊರಡುವಂತಿಲ್ಲ. ಕೈಯಲ್ಲಿರುವ ಇನ್ನೊಬ್ಬರ ಅಮಾನತ್ ಮರಳಿಸಬೇಕು. ಹೆಂಡತಿ ಮಕ್ಕಳ, ಆಸರೆಯಲ್ಲಿರುವವರ ಖರ್ಚಿಗೆ ಏರ್ಪಾಡು ಮಾಡಿಡಬೇಕು. ಉಮ್ಮ, ಉಪ್ಪನ ಸಮ್ಮತಿ ಪಡೆಯಬೇಕು. ಮನಸ್ಸು ನೋಯಿಸಿದವರಲ್ಲಿ ಮಾಫಿ ಕೇಳಬೇಕು.

ನಮ್ಮ ಹಿರಿಯರು ಹಜ್ಜಿಗೆ ಹೊರಡುವಾಗ ಇದನ್ನೆಲ್ಲ ಅಕ್ಷರಶಃ ಮಾಡುತ್ತಿದ್ದರು. ಆಗ ಇಲ್ಲಿಯ ಮೀಟರ್‌ಗೇಜ್ ರೈಲು ಹತ್ತಿ ಬೀರೂರು ಸೇರಿ, ಅಲ್ಲಿಂದ ಮುಂದೆ ಮುಂಬೈ, ಮುಂಬೈಯಿಂದ ಹಡಗಿನಲ್ಲಿ ಜಿದ್ದಾ. ಆ ಹಜ್ ಹಡಗು 1995ಕ್ಕೆ ನಿಂತಿತು. ಹೊರಡುವ ಮೊದಲು ಮನೆ ಮನೆಗೆ ಹೋಗಿ, ಅಂಗಡಿ ಬಾಕಿ ತೀರಿಸಿ, ಜಗಳ ಇದ್ದ ಕಡೆ ಕೈ ಹಿಡಿದು ಸಲಾಂ ಹೇಳಿ ಬರುತ್ತಿದ್ದರು. ಮರಳುವ ಖಾತರಿ ಇಲ್ಲದ ಪ್ರಯಾಣ, ಹಾಗಾಗಿ ಲೆಕ್ಕ ಚುಕ್ತಾ ಮಾಡಿ ಹೊರಡುವುದು ರೂಢಿ. ಈಗಿನ ರಜೆಯ ಪ್ರಯಾಣಕ್ಕೆ ಅಷ್ಟು ಯಾಕೆ ಅನ್ನುತ್ತೀರಾ? ಹಡಗಾಗಲಿ ವಿಮಾನವಾಗಲಿ, ಮರಳುವ ಖಾತರಿ ಇವತ್ತಿಗೂ ಯಾರ ಕೈಯಲ್ಲೂ ಇಲ್ಲ.

ಈ ಅಳತೆಗೋಲು ಹಿಡಿದು ನೋಡಿದರೆ ಕೆಲವು ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಬಡ್ಡಿ ಸಾಲದಲ್ಲಿ ಕೊಂಡ ಕಾರನ್ನು ಇನ್ನಷ್ಟು ಸಾಲ ಮಾಡಿ ಹಡಗಿಗೆ ಹತ್ತಿಸುವುದು ಯಾವ ಉಲ್ಲಾಸ? ಅಂಗಡಿಯ ಹುಡುಗರಿಗೆ ಮೂರು ತಿಂಗಳ ಸಂಬಳ ಬಾಕಿ ಇಟ್ಟು ಓಡಿಸುವ ಕಾರಿನ ಸದ್ದು ಯಾರಿಗೆ ಇಂಪಾದೀತು? ಸ್ವಂತ ಬಳಕೆಯ ಕಾರಿಗೆ ಝಕಾತ್ ಇಲ್ಲ, ಸರಿ. ಆದರೆ ಗ್ಯಾರಂಟಿಗೆಂದು ಬ್ಯಾಂಕಿನಲ್ಲಿ ಇಟ್ಟ ನಿಮ್ಮದೇ ಹಣ ನಿಸಾಬ್ ಮುಟ್ಟಿ ಚಾಂದ್ರಮಾನ ವರ್ಷ ಕಳೆದರೆ ಅದರ ಝಕಾತ್ ಏನು? ಆ ಠೇವಣಿಗೆ ಬಿದ್ದ ಬಡ್ಡಿಯನ್ನು ಏನು ಮಾಡಿದಿರಿ? ಇವನ್ನೆಲ್ಲ ನಿಮ್ಮ ಜಮಾಅತಿನ ಖತೀಬರಲ್ಲಿ ಕೇಳಿಕೊಂಡು ಹೊರಡಿ. ಕ್ಲಿಯರಿಂಗ್ ಏಜೆಂಟರಲ್ಲಿ ಹತ್ತು ಸಲ ಕೇಳುವವರು ಉಸ್ತಾದರಲ್ಲಿ ಒಂದು ಸಲ ಕೇಳಿದರೆ ನಷ್ಟವೇನಿಲ್ಲ.

ಈ ಲೆಕ್ಕವೆಲ್ಲ ಸರಿ ಇದ್ದವನಿಗೂ ಒಂದು ಮಾತು ಉಳಿಯುತ್ತದೆ. ಖರ್ಚು ಮಾಡುವುದು ಬೇರೆ, ತೋರಿಸುವುದಕ್ಕಾಗಿಯೇ ಖರ್ಚು ಮಾಡುವುದು ಬೇರೆ. ದುಂದುವೆಚ್ಚ ಮಾಡುವವರನ್ನು ಕುರ್‌ಆನ್ ಯಾರ ಸಹೋದರರು ಎಂದು ಕರೆದಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಬೇಸಿಗೆಯಲ್ಲಿ ಕೊಲ್ಲಿಯ ಧನಿಕರ ಮಕ್ಕಳ ಸ್ಪೋರ್ಟ್ಸ್ ಕಾರುಗಳು ಲಂಡನ್ನಿಗೆ ಹೋಗುತ್ತವೆ. ಅಲ್ಲಿನ ನೈಟ್ಸ್‌ಬ್ರಿಜ್ ಸುತ್ತಮುತ್ತಲಿನವರು ರಾತ್ರಿಯ ಸದ್ದಿಗೆ ರೋಸಿಹೋಗಿ ದೂರು ಕೊಟ್ಟರು. 2015ರಲ್ಲಿ ಅಲ್ಲಿನ ಸ್ಥಳೀಯ ಕೌನ್ಸಿಲ್ ಅನಗತ್ಯವಾಗಿ ಇಂಜಿನ್ ರೊಯ್ಯೆನಿಸುವುದಕ್ಕೂ ಅಪಾಯಕರ ಓಟಕ್ಕೂ ದಂಡದ ನಿಯಮ ತಂದಿತು. ಸದ್ದು ಮಾಡಿದವರು ಕೆಲವೇ ಜನ, ಕೆಟ್ಟ ಹೆಸರು ಎಲ್ಲ ಅರಬರಿಗೆ. ಇಲ್ಲೂ ಹಾಗೆಯೇ. ಒಬ್ಬ ಬ್ಯಾರಿ ಹುಡುಗ ಅಝಾನ್ ಹೊತ್ತಿನಲ್ಲೋ ಆಸ್ಪತ್ರೆಯ ಎದುರಿನಲ್ಲೋ ಸೈಲೆನ್ಸರ್ ಸದ್ದು ಮಾಡಿದರೆ, ನೆರೆಹೊರೆಯವರು ಅವನೊಬ್ಬನನ್ನೇ ಬಯ್ಯುವುದಿಲ್ಲ.

ಪ್ರಯಾಣ ಮಾಡಿ ಲೋಕಕ್ಕೆ ಏನಾದರೂ ಕೊಟ್ಟವರು ನಮ್ಮ ಚರಿತ್ರೆಯಲ್ಲಿ ಇಲ್ಲವೇ? ಇಬ್ನು ಬತೂತ 1325ರಲ್ಲಿ, 21ನೇ ವಯಸ್ಸಿನಲ್ಲಿ ತಂಜಾದಿಂದ ಹಜ್ಜಿಗೆಂದು ಹೊರಟವರು. ನಮ್ಮ ತಾಳಗುಪ್ಪದಿಂದ ಜೋಗ ದಾಟಿ ಘಾಟಿ ಇಳಿದರೆ ಸಿಗುವ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳನ್ನು ಕಂಡೆ ಎಂದು ಅವರು ಬರೆಸಿಟ್ಟದ್ದರಿಂದ ತಾನೇ ಆರೇಳು ಶತಮಾನದ ಹಿಂದೆಯೂ ನಮ್ಮ ಕರಾವಳಿಯಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದರು ಎಂದು ಇವತ್ತು ನಮಗೆ ಗೊತ್ತಾಗುವುದು? ವಿಡಿಯೊ ಮಾಡುವ ನಮ್ಮ ಯುವಕರಲ್ಲಿ ನನ್ನ ವಿನಂತಿ ಇಷ್ಟೇ. ಮೀಟರ್ ಮುಳ್ಳು ತೋರಿಸುವ ಬದಲು ಆ ಊರಿನ ಮಸೀದಿ ತೋರಿಸಿ, ಶಾಲೆ ತೋರಿಸಿ, ಅಲ್ಲಿ ದುಡಿಯುವ ನಮ್ಮವರ ಕೋಣೆ ತೋರಿಸಿ. ನೋಡುವ ಮಕ್ಕಳಿಗೆ ಅದೂ ಪಾಠ.

ಯಾಕೆಂದರೆ ಇದರ ನಿಜವಾದ ಬೆಲೆ ತೆರುವುದು ಕಾರಿನವರಲ್ಲ, ನೋಡುವ ಮಕ್ಕಳು. ಕಾರು ಸಿಗದ ಹುಡುಗ ಅಣ್ಣನ ಬೈಕು ತೆಗೆದುಕೊಂಡು ಜೋಗದ ರಸ್ತೆಗೆ ಇಳಿಯುತ್ತಾನೆ. ಹಿಂದೆ ಇಬ್ಬರು, ಹೆಲ್ಮೆಟ್ ಇಲ್ಲ, ಒಂದು ಕೈಯಲ್ಲಿ ಮೊಬೈಲ್. ಹದಿನೆಂಟು ತುಂಬದವನು ವಾಹನ ಓಡಿಸಿ ಅಪರಾಧ ಮಾಡಿದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೂ ವಾಹನದ ಮಾಲಿಕನಿಗೂ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ಹನ್ನೆರಡು ತಿಂಗಳು ವಾಹನದ ನೋಂದಣಿಯೂ ರದ್ದು. ಆದರೆ ಮಯ್ಯತ್ ಮನೆಗೆ ಬಂದ ಮೇಲೆ ದಂಡದ ಮಾತು ಯಾರಿಗೆ ಬೇಕು? ಜನಾಝ ನಮಾಝಿಗೆ ನಿಂತ ಉಪ್ಪಂದಿರ ಮುಖ ಕಂಡವರಿಗೆ ಗೊತ್ತು.

ಜಮಾಅತಿನ ಹಿರಿಯರಿಗೆ ಒಂದು ಸೂಚನೆ. ದುಬಾರಿ ಕಾರು ಊರಿಗೆ ಬಂದಾಗ ಮದುವೆ ಮೆರವಣಿಗೆಗೆ ಅದನ್ನು ಕೇಳುವುದು, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು, ಕಾರ್ಯಕ್ರಮದಲ್ಲಿ ಆ ಕಾರಿನವರನ್ನೇ ಮುಂದಿನ ಕುರ್ಚಿಯಲ್ಲಿ ಕೂರಿಸುವುದು, ಇಷ್ಟನ್ನು ನಾವು ನಿಲ್ಲಿಸಿದರೆ ಅರ್ಧ ಕೆಲಸ ಆಯಿತು. ಗೌರವ ಕೊಡಬೇಕಾದಲ್ಲಿ ಕೊಡೋಣ. ಮೂವತ್ತು ವರ್ಷ ಕೊಲ್ಲಿಯಲ್ಲಿ ಡ್ರೈವರ್ ಆಗಿ ಬೇರೆಯವರ ಕಾರು ಓಡಿಸಿ, ಇಲ್ಲಿ ತಂಗಿಯರ ಮದುವೆ ಮಾಡಿ, ಮಗಳನ್ನು ನರ್ಸಿಂಗ್ ಓದಿಸಿದ ಕಾಕಂದಿರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಅವರ ಹೆಸರಿಗೆ ಯಾವ ವಿಡಿಯೊವೂ ಇಲ್ಲ. ಮುಂದಿನ ಮೀಲಾದ್ ಕಾರ್ಯಕ್ರಮದಲ್ಲಿ ಅವರಲ್ಲಿ ಒಬ್ಬರನ್ನು ಕರೆದು ಮಕ್ಕಳ ಮುಂದೆ ನಾಲ್ಕು ಮಾತು ಆಡಿಸಿ.

ಕಾರು ಕಳಿಸುವ ಶಕ್ತಿ ಇರುವವರಿಗೂ ಇದೇ ಕೋರಿಕೆ. ಹೋಗಿ, ಅಲ್ಲಾಹನ ಭೂಮಿ ವಿಶಾಲವಾಗಿದೆ. ಆದರೆ ಸಾಲ ತೀರಿಸಿ, ಸಂಬಳ ಕೊಟ್ಟು, ಝಕಾತ್ ಲೆಕ್ಕ ಮುಗಿಸಿ, ಉಮ್ಮನ ದುಆ ಪಡೆದು ಹೋಗಿ. ಹಡಗಿನ ಬಾಡಿಗೆಯಷ್ಟೇ ಮೊತ್ತವನ್ನು ಊರಿನ ಒಂದು ಮಗುವಿನ ಓದಿಗೆ ತೆಗೆದಿಟ್ಟು ಹೊರಟರೆ ಇನ್ನೂ ಒಳ್ಳೆಯದು. ಕಾರ್ನೆಯ ಎರಡು ಮುದ್ರೆಗಳೂ ಸರಿಯಾಗಿ ಬೀಳಲಿ. ಪ್ರಯಾಣಿಕನ ದುಆಗೆ ಉತ್ತರವಿದೆ ಎಂಬುದು ನಮ್ಮ ನಂಬಿಕೆ. ಆ ದುಆದಲ್ಲಿ ಈ ಮಲೆನಾಡಿನ ಮಕ್ಕಳನ್ನೂ ಸೇರಿಸಿಕೊಳ್ಳಿ.