ಕೂಸು ಹುಟ್ಟುವ ಮುನ್ನ ಕುಲಾವಿ

ನ್ಯಾಯಶಾಸ್ತ್ರಕಾರರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ಅರಿಯುವ ಇಚ್ಛೆಯಿಂದ ಇಬ್ಬರು ಕೂಡಿ ನಡೆಸುವುದು ವಾದ. ಗೆಲ್ಲುವುದೊಂದೇ ಗುರಿಯಾದುದು ಜಲ್ಪ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯ ಮಾತನ್ನು ಕೆಡವುತ್ತ ಹೋಗುವುದು ವಿತಂಡ. ಮಠದಲ್ಲಿ ಓದುತ್ತಿದ್ದಾಗ ನಾವು ಈ ಲಕ್ಷಣಗಳನ್ನು ಬಾಯಿಪಾಠ ಮಾಡಿದ್ದೆವು. ಉದಾಹರಣೆಗಳು ಮಾತ್ರ ಪರ್ವತ, ಧೂಮ, ಅಗ್ನಿಗಳನ್ನು ದಾಟುತ್ತಿರಲಿಲ್ಲ. ಮೂರಕ್ಕೂ ಸಜೀವ ಉದಾಹರಣೆಗಳು ಒಂದೇ ಕಡೆ ದೊರೆತದ್ದು 2020ರ ಅಕ್ಟೋಬರ್ ಕೊನೆಯಲ್ಲಿ, ನೆಲ್ಯಾಡಿಯಲ್ಲಿರುವ ನಮ್ಮ ಬಂಧುಗಳ ಮನೆಯ ಜಗಲಿಯ ಮೇಲೆ. ವಿಷಯವು ಇನ್ನೂ ಮಾರುಕಟ್ಟೆಗೆ ಬಾರದಿದ್ದ ಎರಡು ವಿಡಿಯೊ ಗೇಮ್ ಯಂತ್ರಗಳು.

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವವರು ಶಿರಾಡಿ ಘಾಟಿ ಏರುವ ಮುನ್ನ ನೆಲ್ಯಾಡಿಯನ್ನು ಹಾದೇ ಹೋಗಬೇಕು. ಅಡಕೆ, ರಬ್ಬರು ತೋಟಗಳ ನಡುವಿನ ಪೇಟೆ. ತುಳು, ಕನ್ನಡ, ಮಲೆಯಾಳಗಳು ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಆ ವರ್ಷ ಕೊರೋನಾದ ದೆಸೆಯಿಂದ ಕಾಲೇಜುಗಳು ಮುಚ್ಚಿ, ಮನೆಯ ಇಬ್ಬರು ಗಂಡುಮಕ್ಕಳೂ ಊರಿಗೆ ಬಂದು ಕುಳಿತಿದ್ದರು. ಅಡಕೆಯ ಹಣದಲ್ಲಿ 50,000 ರೂಪಾಯಿಯನ್ನು ತಂದೆಯವರು ಬೇರೆಯಾಗಿ ತೆಗೆದಿಟ್ಟು, ಇಬ್ಬರಿಗೂ ಸೇರಿ ಒಂದೇ ಯಂತ್ರವೆಂದು ಹೇಳಿದ್ದರು. ಅಲ್ಲಿಗೆ ಮನೆಯ ಶಾಂತಿ ಮುಗಿಯಿತು. ನಾವು ಹೋದಾಗ ಅಣ್ಣತಮ್ಮಂದಿರು ಪರಸ್ಪರ ಮಾತು ಬಿಟ್ಟು ನಾಲ್ಕು ದಿನಗಳಾಗಿದ್ದವು. ಊಟಕ್ಕೂ ಬೇರೆ ಬೇರೆ ಹೊತ್ತಿಗೆ ಬರುತ್ತಿದ್ದರು.

ಅಣ್ಣನದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಪಕ್ಷ. ತಮ್ಮನದು ಸೋನಿಯ ಪ್ಲೇಸ್ಟೇಷನ್ 5. ಎರಡರ ಬೆಲೆಯೂ 49,990 ರೂಪಾಯಿ ಎಂದು ಪ್ರಕಟವಾಗಿತ್ತು. ಅಣ್ಣನ ಹೇತು 12 ಟೆರಾಫ್ಲಾಪ್, ಎಂದರೆ ಚಿತ್ರ ಬಿಡಿಸುವ ಭಾಗವು ಸೆಕೆಂಡಿಗೆ 12 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲುದು, ಸೋನಿಯದು 10.28. ತಮ್ಮನ ಹೇತು ಸಂಗ್ರಹದ ವೇಗ: ಸೋನಿಯ ಯಂತ್ರವು ಸೆಕೆಂಡಿಗೆ 5.5 ಜಿಬಿ ಓದುತ್ತದೆ, ಮತ್ತೊಂದು 2.4 ಮಾತ್ರ. ಇಬ್ಬರೂ ಈ ಅಂಕಿಗಳನ್ನು ನಾವು ಅಮರಕೋಶ ಒಪ್ಪಿಸುತ್ತಿದ್ದ ಹಾಗೆ ಒಪ್ಪಿಸಿದರು. ಇಬ್ಬರೂ ಆ ಯಂತ್ರಗಳನ್ನು ಕಣ್ಣಿನಿಂದ ಕಂಡವರಲ್ಲ.

ದೊಡ್ಡ ಅಂಕಿಯುಳ್ಳದ್ದೇ ಉತ್ತಮವೆಂಬ ಹೇತು ಸವ್ಯಭಿಚಾರ. ಅದು ಸಾಧ್ಯವಿಲ್ಲದ ಕಡೆಯೂ ಸುಳಿಯುತ್ತದೆ. 2001ರಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸ್ ಪ್ಲೇಸ್ಟೇಷನ್ 2ಕ್ಕಿಂತ ಬಲಶಾಲಿ. ಆದರೆ ಅದು ಮಾರಾಟವಾದದ್ದು ಸುಮಾರು 2.4 ಕೋಟಿ, ಪ್ಲೇಸ್ಟೇಷನ್ 2 ಹದಿನೈದು ಕೋಟಿಯನ್ನೂ ಮೀರಿತು. 2006ರಲ್ಲಿ ಬಂದ ನಿಂಟೆಂಡೊ ವೀ ತನ್ನ ಕಾಲದ ಸ್ಪರ್ಧಿಗಳಲ್ಲಿ ಅತ್ಯಂತ ದುರ್ಬಲ. ಹತ್ತು ಕೋಟಿ ದಾಟಿ ಇಬ್ಬರನ್ನೂ ಹಿಂದಿಕ್ಕಿತು. ಇನ್ನು ಈ ಎರಡು ಯಂತ್ರಗಳ ಹೊಟ್ಟೆಯೊಳಗೆ ಇದ್ದುದಾದರೂ ಏನು? ಎರಡರ ಪ್ರೊಸೆಸರ್ ಎಎಂಡಿ ಎಂಬ ಒಂದೇ ಕಂಪನಿಯದು. ಒಂದೇ ತಲೆಮಾರಿನ ಎಂಟು ಕೋರುಗಳು, ಒಂದೇ ವಂಶದ ಚಿತ್ರವಿಭಾಗ. ಆ ಎಎಂಡಿಯು 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ನಮ್ಮ ಬೆಂಗಳೂರಿನಲ್ಲಿ. ಅದೇ ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾಗಿ 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಮೈಕ್ರೋಸಾಫ್ಟ್‌ನ ಫೋರ್ಜಾಕ್ಕೂ ದುಡಿದವರು, ಸೋನಿಯ ಡೇಸ್ ಗಾನ್ ಆಟಕ್ಕೂ ದುಡಿದವರು. ಒಂದೇ ಬಸಿರಿನ ಇಬ್ಬರ ಹೆಸರಿನಲ್ಲಿ ಇಲ್ಲಿ ಒಂದೇ ಬಸಿರಿನ ಇಬ್ಬರು ಮಾತು ಬಿಟ್ಟಿದ್ದರು!

ಬಾರದಿರುವ ವಸ್ತುವಿನ ವಿಷಯದಲ್ಲಿ ಪ್ರತ್ಯಕ್ಷ ಪ್ರಮಾಣವಿಲ್ಲ. ಉಳಿಯುವುದು ಶಬ್ದ ಪ್ರಮಾಣ. ಅದಾದರೂ ಆಪ್ತನ ವಾಕ್ಯವಾಗಿರಬೇಕು. ತಾನು ಕಂಡುದನ್ನು ಕಂಡಂತೆ ತಿಳಿಸುವ ಇಚ್ಛೆಯುಳ್ಳವನು ಆಪ್ತ. ಮಾರುವವನಿಗೆ ಆ ಇಚ್ಛೆಗಿಂತ ಬೇರೊಂದು ಇಚ್ಛೆಯೂ ಇರುತ್ತದೆಯಷ್ಟೆ. ಆ ವರ್ಷದ ಜುಲೈಯಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಯಂತ್ರದೊಡನೆಯೇ ಬರುವುದೆಂದು ಹೇಲೊ ಇನ್ಫಿನಿಟ್ ಆಟವನ್ನು ಪ್ರದರ್ಶಿಸಿತು, ಆಗಸ್ಟಿನಲ್ಲಿ ಮುಂದೂಡಿತು, ಅದು ಬಂದದ್ದು 2021ರ ಡಿಸೆಂಬರಿನಲ್ಲಿ. ಸೈಬರ್‌ಪಂಕ್ 2077 ಎಂಬ ಆಟಕ್ಕೆ ಎಂಬತ್ತು ಲಕ್ಷ ಜನ ಮುಂಗಡವಾಗಿಯೇ ಹಣ ಕೊಟ್ಟಿದ್ದರು. 2020ರ ಡಿಸೆಂಬರ್ 10ರಂದು ಬಿಡುಗಡೆಯಾದಾಗ ಹಿಂದಿನ ತಲೆಮಾರಿನ ಯಂತ್ರಗಳಲ್ಲಿ ಅದು ಎಡವಿ ಬಿದ್ದ ರೀತಿ ಕಂಡು, ಸೋನಿ ಒಂದೇ ವಾರದಲ್ಲಿ ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣ ಹಿಂದಿರುಗಿಸಬೇಕಾಯಿತು.

ಮಠದ ಪಾಠಶಾಲೆಯಲ್ಲಿ ಒಂದು ಕಟ್ಟುಪಾಡಿತ್ತು. ಎದುರಾಳಿಯ ಪೂರ್ವಪಕ್ಷವನ್ನು ಅವನೇ ತಲೆದೂಗುವಂತೆ ನಿರೂಪಿಸಿದ ಮೇಲೆಯೇ ಖಂಡನೆಗೆ ಅನುಮತಿ. ಆ ಸಂಜೆ ಇಬ್ಬರನ್ನೂ ಕೂರಿಸಿ ಪಕ್ಷ ಬದಲಿಸಿಕೊಳ್ಳುವಂತೆ ಹೇಳಿದೆವು. ಮೊದಲು ನಕ್ಕರು, ಬಳಿಕ ತಡವರಿಸಿದರು. ಎಕ್ಸ್‌ಬಾಕ್ಸ್ ಪರವಾಗಿ ನಿಂತ ತಮ್ಮನು, ಅದು ನವೆಂಬರ್ 10ರಂದೇ ಭಾರತಕ್ಕೆ ಬರುತ್ತದೆ, ನನ್ನದಕ್ಕೆ ಇನ್ನೂ ದಿನಾಂಕವೇ ಇಲ್ಲ, ಹಳೆಯ ಎಕ್ಸ್‌ಬಾಕ್ಸ್‌ಗಳ ಡಿಸ್ಕುಗಳಲ್ಲಿ ಹಲವು ಅದರಲ್ಲಿ ನಡೆಯುತ್ತವೆ ಎಂದ. ಸೋನಿಯ ಪರ ನಿಂತ ಅಣ್ಣನು ತನ್ನವರ ಹಳೆಯ ಗಾಯವನ್ನು ತಾನೇ ಕೆದಕಿದ: 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಯಂತ್ರವು ದಿನಕ್ಕೊಮ್ಮೆ ಇಂಟರ್‌ನೆಟ್ಟಿಗೆ ತಲೆ ತೋರಿಸಲೇಬೇಕು, ಬಳಸಿದ ಡಿಸ್ಕನ್ನು ಪರರಿಗೆ ಕೊಡಲು ಕಟ್ಟಳೆಯುಂಟು ಎಂದು ಮೈಕ್ರೋಸಾಫ್ಟ್ ಸಾರಿ, ಜನರ ಕೋಪಕ್ಕೆ ಮಣಿದು ಜೂನ್ 19ರಂದು ಹಿಂತೆಗೆದುಕೊಂಡಿತ್ತು.

ಮನೆಗೆ ಬೇಕಾದ ಪ್ರಶ್ನೆ ಹುಟ್ಟಿದ್ದು ಇಲ್ಲಿ. ತಂದೆಯವರ ಕಣ್ಣು ಅಗ್ಗದ ತಮ್ಮಂದಿರ ಮೇಲಿತ್ತು: 34,990ರ ಸೀರೀಸ್ ಎಸ್, 39,990ರ ಪ್ಲೇಸ್ಟೇಷನ್ ಡಿಜಿಟಲ್. ಎರಡರಲ್ಲೂ ಡಿಸ್ಕಿನ ಕಿಂಡಿಯಿಲ್ಲ; ಆಟವನ್ನು ಇಂಟರ್‌ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕು. ಆ ಮನೆಯಲ್ಲಿ ಇದ್ದದ್ದು ದಿನಕ್ಕೆ 1.5 ಜಿಬಿಯ ಮೊಬೈಲ್ ಸಂಪರ್ಕ. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಅನುಮಾನ. 100 ಜಿಬಿಯ ಒಂದು ಆಟಕ್ಕೆ, ಬೇರೇನನ್ನೂ ಮುಟ್ಟದಿದ್ದರೂ, 67 ದಿನ. ಹೊಸ ಆಟಕ್ಕೆ ಸೋನಿ 4,999 ರೂಪಾಯಿಯವರೆಗೆ ಕೇಳುತ್ತಿತ್ತು. ಡಿಸ್ಕಾದರೆ ಆಡಿ ಮುಗಿಸಿ ಗೆಳೆಯನಿಗೆ ಕೊಡಬಹುದು, ಅವನದನ್ನು ತರಬಹುದು, ಮಾರಲೂಬಹುದು. ಇಳಿಸಿಕೊಂಡದ್ದು ಕೊಂಡವನ ಖಾತೆಯಲ್ಲಿಯೇ ಕೊಳೆಯಬೇಕು. ಯಂತ್ರದಲ್ಲಿ ಉಳಿಸಿದ ಹತ್ತು ಸಾವಿರ ಮೂರು ಆಟಗಳಲ್ಲಿ ಕರಗುತ್ತದೆ. ಟೆರಾಫ್ಲಾಪಿನ ವೀರರಿಬ್ಬರೂ ಈ ಲೆಕ್ಕವನ್ನು ಅದುವರೆಗೆ ಮಾಡಿರಲಿಲ್ಲ.

ಅಷ್ಟರಲ್ಲಿ ತಾಯಿ ಕಾಫಿ ತಂದಿಟ್ಟು, "ಇದನ್ನು ನಮ್ಮ ಟಿವಿಗೆ ಹಾಕಿದರೆ ಆಗುತ್ತದೆಯೋ?" ಎಂದು ಕೇಳಿದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಎರಡೂ ಕಂಪನಿಗಳು ಹೊಗಳಿಕೊಂಡಿದ್ದ 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ. ಮನೆಯ 32 ಇಂಚಿನ ಟಿವಿ ತೋರಿಸಬಲ್ಲುದು ಹತ್ತೂವರೆ ಲಕ್ಷ. 12 ಆಗಲಿ, 10.28 ಆಗಲಿ, ಆ ಗೋಡೆಯ ಮೇಲೆ ಕಾಣುವುದು ಎಂಟರಲ್ಲೊಂದು ಪಾಲು. ಜಗಲಿಯ ಮೇಲೆ ಆ ದಿನ ನಡೆದ ಚರ್ಚೆಯಲ್ಲಿ ಶುದ್ಧ ವಾದವೆಂದು ನಾವು ಗುರುತು ಹಾಕಿಕೊಂಡದ್ದು ಆ ತಾಯಿಯ ಒಂದು ವಾಕ್ಯವನ್ನು. ಹುಡುಗರು ಆ ರಾತ್ರಿ ಒಟ್ಟಿಗೆ ಉಂಡರು. ಖರೀದಿ ಮುಂದಕ್ಕೆ ಹೋಯಿತು.

ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿ 2ರಂದು. ಜನವರಿ 12ರಂದು ಮುಂಗಡ ತೆರೆದಾಗ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಖಾಲಿಯಾಗಿತ್ತು. ಕಾದರೆ ಬೆಲೆ ಇಳಿಯುವುದೆಂಬ ಹಿಂದಿನ ಅನುಭವ ಈ ಸಲ ನಡೆಯಲಿಲ್ಲ. 2022ರ ನವೆಂಬರಿನಲ್ಲಿ ಸೋನಿ 54,990ಕ್ಕೆ ಏರಿಸಿತು. ಆದರೂ ಕಾಯುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಪ್ರತ್ಯಕ್ಷಕ್ಕೆ ಐದು ಸಾವಿರ ರೂಪಾಯಿ ಹೆಚ್ಚಿನ ಬೆಲೆಯಲ್ಲ. ನಮ್ಮಲ್ಲಿ ಮಾತ್ರ ದೊರೆಯುವ ಆಟವೆಂದು ಅಣ್ಣನು ಎದೆ ತಟ್ಟಿಕೊಳ್ಳುತ್ತಿದ್ದ ಫೋರ್ಜಾ ಹೊರೈಜನ್ ಸರಣಿಯ ಐದನೆಯದು 2025ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ನಿಗೇ ಬಂದಿತು. ಜಗಳಕ್ಕೆ ಕಾರಣವಾಗಿದ್ದ ಬೇಲಿಯನ್ನು ಕಂಪನಿಯವರೇ ಕಿತ್ತರು.

ಈಗ ಮುಂದಿನ ತಲೆಮಾರಿನ ಯಂತ್ರಗಳ ಮಾತು ಹಲವು ಮನೆಗಳನ್ನು ಹೊಕ್ಕಿರುವುದರಿಂದ ಇಷ್ಟು ಬರೆದೆವು. ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ಎಎಂಡಿಯೊಡನೆ ಕೈಜೋಡಿಸಿದುದಾಗಿ ಸಾರಿತು. ಅಕ್ಟೋಬರಿನಲ್ಲಿ ಸೋನಿಯ ಯಂತ್ರಶಿಲ್ಪಿ ಮಾರ್ಕ್ ಸರ್ನಿಯವರು ಅದೇ ಎಎಂಡಿಯ ಅಧಿಕಾರಿಯೊಡನೆ ಕುಳಿತು ಮುಂದಿನ ಯಂತ್ರದ ಮಾತನಾಡಿದರು. ನಿಮ್ಮ ಮನೆಯ ಹುಡುಗರು ಅಂಕಿಗಳ ಪಟ್ಟಿ ಹಿಡಿದು ಬಂದಾಗ, ಪ್ಲೇಸ್ಟೇಷನ್ ಬೇಕೆನ್ನುವವನಿಂದ ಮೊದಲು ಎಕ್ಸ್‌ಬಾಕ್ಸಿನ ಗುಣಗಳನ್ನು ಹೇಳಿಸಿರಿ, ಎಕ್ಸ್‌ಬಾಕ್ಸ್ ಬೇಕೆನ್ನುವವಳಿಂದ ಪ್ಲೇಸ್ಟೇಷನ್ನಿನದನ್ನು. ಬಳಿಕ ಇಬ್ಬರನ್ನೂ ಟಿವಿಯ ಹಿಂಬದಿಗೆ ಕಳುಹಿಸಿ, ಅಲ್ಲಿ ಅಂಟಿಸಿರುವ ಚೀಟಿಯನ್ನು ಗಟ್ಟಿಯಾಗಿ ಓದಿಸಿರಿ.