ಕೇಳದವರ ಬಾಕಿ ಮೊದಲು ತೀರಿಸೋಣ

ತಿಂಗಳ ಸಂಬಳ ಇನ್ನೂ ತಪ್ಪದೆ ಕೈಸೇರುತ್ತಿರುವ ಎಲ್ಲರಲ್ಲೂ ಒಂದು ಬಿನ್ನಹ.

ಕೋವಿಡ್‌ನಿಂದಾಗಿ ಈ 2021ರ ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕಕ್ಕೆ ಮತ್ತೆ ಬೀಗ ಬಿದ್ದಿದೆ. ಬೀದಿಯಲ್ಲಿ ಆಹಾರದ ಕಿಟ್ ಹಂಚುವಾಗ ಸಾಲಿಗೆ ಬರದ ಕೆಲವು ಮನೆಗಳು ನಮ್ಮ ಪಕ್ಕದಲ್ಲೇ ಇವೆ. ಅನುದಾನರಹಿತ ಶಾಲೆಯ ಮೇಷ್ಟ್ರು, ಮದುವೆ ಅಡುಗೆಯವರು, ಸಾಲ ಮಾಡಿ ಟ್ಯಾಕ್ಸಿ ತಂದವರು, ಫೋಟೊ ಸ್ಟುಡಿಯೊ ಇಟ್ಟವರು. ಕಿವಿಯ ಓಲೆ ಗಿರವಿ ಅಂಗಡಿ ಸೇರಿದ್ದರೂ, ವಿಚಾರಿಸಿದರೆ ‘ಏನೋ, ನಡೀತಿದೆ’ ಎನ್ನುವ ಜನ.

ಸರ್ಕಾರದ ಪಟ್ಟಿಗಳ ಸಂದಿಯಲ್ಲಿ ಇವರು ಸಿಕ್ಕಿಬಿದ್ದಿದ್ದಾರೆ. ಮೇ 19ರಂದು ಪ್ರಕಟವಾದ 1,250 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಟ್ಯಾಕ್ಸಿ ಚಾಲಕರಿಗೆ 3,000 ರೂಪಾಯಿ ಇದೆ. ವಾಹನ ಸಾಲದ ಕಂತಿಗೆ ಅದು ಎಲ್ಲಿ ಸಾಕು? ಖಾಸಗಿ ಶಾಲೆಯ ಶಿಕ್ಷಕರ ಹೆಸರೇ ಅದರಲ್ಲಿಲ್ಲ. ಕೇಂದ್ರದ ತಲಾ 5 ಕೆ.ಜಿ. ಉಚಿತ ಧಾನ್ಯ ಎಪಿಎಲ್ ಕಾರ್ಡಿಗೆ ಸಿಗುವುದಿಲ್ಲ. 2020ರ ಆಗಸ್ಟ್ 31ರವರೆಗೆ ಸಾಲದ ಕಂತು ಮುಂದೂಡುವ ಅವಕಾಶವಿತ್ತು. ಈ ಸಲ ಅದೂ ಇಲ್ಲ, ಆಗಿನ ಬಡ್ಡಿ ಮಾತ್ರ ಉಳಿದಿದೆ.

ದಾನ ಎಂದರೆ ಇವರು ಬಾಗಿಲು ಹಾಕಿಕೊಳ್ಳುತ್ತಾರೆ. ಆದ್ದರಿಂದ ಅವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸೋಣ.

ಕಳೆದ ಸಾಲಿನ ಬೋಧನಾ ಶುಲ್ಕದಲ್ಲಿ ಶೇ 70ರಷ್ಟು ಕಟ್ಟಿದರೆ ಸಾಕೆಂದು ಸರ್ಕಾರ ಜನವರಿಯಲ್ಲೇ ಹೇಳಿತ್ತು. ಶಕ್ತಿಯಿದ್ದೂ ಅದನ್ನು ಉಳಿಸಿಕೊಂಡ ಪೋಷಕರು ಈ ವಾರವೇ ಕಟ್ಟಿ. ಆಡಳಿತ ಮಂಡಳಿಗಳು ಆ ಹಣದಲ್ಲಿ ಮೊದಲು ಮೇಷ್ಟರ ಸಂಬಳ ಕೊಡಲಿ. ಮದುವೆ ಮುಂದಕ್ಕೆ ಹೋಗಿದ್ದರೆ ಅಡುಗೆಯವರಿಂದ ಅಡ್ವಾನ್ಸ್ ವಾಪಸು ಕೇಳಬೇಡಿ; ಎರಡು ವರ್ಷದಿಂದ ಅವರಿಗೆ ವೈಶಾಖವೇ ಬಂದಿಲ್ಲ. ಮನೆ ಮಾಲೀಕರೇ, ಎರಡು ತಿಂಗಳ ಬಾಡಿಗೆಯನ್ನು ನಿಮ್ಮ ಬಳಿ ಇರುವ ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ ನೆರೆಮನೆಯ ಲೆಕ್ಕ ಬೆಳೆದಿದ್ದರೆ, ಹೆಸರು ಹೇಳಿಕೊಳ್ಳದೆ ಒಂದಿಷ್ಟು ಜಮಾ ಮಾಡಿ. ಫೋಟೊ ಮಾತ್ರ ಬೇಡ.

ಬ್ಯಾಂಕಿನ ವ್ಯವಹಾರ ಬಲ್ಲವರಲ್ಲಿ ಇನ್ನೊಂದು ಮಾತು. ಸಣ್ಣ ಸಾಲಗಾರರ ಸಾಲ ಮರುಹೊಂದಾಣಿಕೆಗೆ ರಿಸರ್ವ್ ಬ್ಯಾಂಕ್ ಮೇ 5ರಂದು ಅವಕಾಶ ಕೊಟ್ಟಿದೆ. ಗಡುವು ಸೆಪ್ಟೆಂಬರ್ 30. ತಾನಾಗಿ ಅದು ಯಾರ ಖಾತೆಗೂ ಬರುವುದಿಲ್ಲ, ಬ್ಯಾಂಕನ್ನು ಕೇಳಬೇಕು. ಪಕ್ಕದ ಮನೆಯವರಿಗೆ ಅರ್ಜಿ ಬರೆದುಕೊಡಿ. ಅವಧಿ ಬೆಳೆದಂತೆ ಬಡ್ಡಿಯೂ ಏರುತ್ತದೆಂಬುದನ್ನು ಮುಚ್ಚಿಡದೆ ಹೇಳಿ.

ಅವರು ಬಾಯಿಬಿಟ್ಟು ಕೇಳುವ ಹೊತ್ತಿಗೆ ಟ್ಯಾಕ್ಸಿ ಫೈನಾನ್ಸಿನವರ ಪಾಲಾಗಿರುತ್ತದೆ, ಮಗಳ ಕಾಲೇಜು ನಿಂತಿರುತ್ತದೆ. ಯಾರಿಗೆ ಏನು ಬಾಕಿಯಿದೆಯೆಂದು ಇವತ್ತೇ ಬರೆದಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಅಂಗಡಿ ಮುಚ್ಚುವ ಹತ್ತು ಗಂಟೆಯೊಳಗೆ ಒಂದನ್ನಾದರೂ ತೀರಿಸಿ.