ರೈತರ ಮೊಬೈಲ್ ಆ್ಯಪುಗಳೂ ಬಿತ್ತನೆಯ ಶಿಸ್ತೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಬೇಸಾಯಗಾರರ ಸಲಕರಣೆಗಳಲ್ಲಿ ಮೊಬೈಲ್ ಫೋನೂ ಒಂದಾಗಿ ಸೇರಿರುವುದು ಎಲ್ಲರಿಗೂ ತಿಳಿದ ಸಂಗತಿಯೇ. ೨೦೨೦ನೆಯ ಇಸವಿಯ ಮುಂಗಾರಿನಿಂದ ರೈತರೇ ತಮ್ಮ ಹೊಲದಲ್ಲಿ ನಿಂತು ಬೆಳೆಯ ಛಾಯಾಚಿತ್ರವನ್ನು ತೆಗೆದು ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ದಾಖಲು ಮಾಡುವ ಪದ್ಧತಿಯು ಆಚರಣೆಗೆ ಬಂದಿತು. ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ, ಬೆಂಬಲ ಬೆಲೆಯ ಖರೀದಿ ಮೊದಲಾದವುಗಳಿಗೆ ಈ ದಾಖಲೆಯು ಆಧಾರವಾಗುವುದು. ಸರಕಾರದ ಸಹಾಯಧನಕ್ಕೆ ಫ್ರೂಟ್ಸ್ ನೋಂದಣಿಯ ಸಂಖ್ಯೆ ಬೇಕು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಗಣಕಯಂತ್ರದ ಮೂಲಕ ನಡೆಯುವುದು. ಇವಲ್ಲದೆ ಹವಾಮಾನ, ಟೊಮ್ಯಾಟೊ ಧಾರಣೆ, ದ್ರಾಕ್ಷಿಯ ರೋಗಗಳಿಗೆ ಔಷಧ ಸಿಂಪಡಣೆ ಮುಂತಾದ ವಿಷಯಗಳಲ್ಲಿ ಸಲಹೆ ಕೊಡುವ ಖಾಸಗಿ ಕಂಪೆನಿಗಳ ಆ್ಯಪುಗಳೂ ಬಹಳವಾಗಿವೆ.

ಈ ಆ್ಯಪುಗಳನ್ನು ಉಪಯೋಗಿಸುವ ಕ್ರಮವನ್ನು ಕುರಿತು ಸಾಕಷ್ಟು ತಿಳಿವಳಿಕೆ ಕೊಡಲಾಗುತ್ತಿದೆ. ಆದರೆ ಇವು ಹೇಗೆ ತಯಾರಾಗುತ್ತವೆ, ರೈತರ ಕೈಗೆ ಬರುವ ಮುನ್ನ ಇವುಗಳನ್ನು ಯಾರು ಪರೀಕ್ಷಿಸುತ್ತಾರೆ, ತಯಾರಿಕೆಯ ಮಧ್ಯದಲ್ಲಿ ಕೇಡಿಗರು ಕೈ ಹಾಕದಂತೆ ಏನು ಏರ್ಪಾಡಿದೆ ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಬಿತ್ತನೆಯ ಬೀಜಕ್ಕೂ ರೇಷ್ಮೆ ಮೊಟ್ಟೆಗೂ ಯಾವ ಶಿಸ್ತನ್ನು ವಿಧಿಸಲಾಗಿದೆಯೋ ಅದೇ ಶಿಸ್ತನ್ನು ಆ್ಯಪುಗಳ ತಯಾರಿಕೆಗೂ ವಿಧಿಸುವುದು ಅತ್ಯಾವಶ್ಯಕ.

ನಷ್ಟವು ಯಾರಿಗೆ?

ಆ್ಯಪು ಕೆಟ್ಟರೆ ಅದನ್ನು ಮಾಡಿದ ಕಂಪೆನಿಯವರು ಮಾರನೆಯ ದಿನ ತಿದ್ದಿ ಕಳುಹಿಸಬಹುದು. ರೈತನ ಕೆಲಸವು ಮಾರನೆಯ ದಿನದವರೆಗೆ ಕಾಯುವುದಿಲ್ಲ. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರನು ಸುಮಾರು ನಾಲ್ಕು ವಾರಗಳ ಕಾಲ ಹಗಲಿರುಳು ಹಿಪ್ಪುನೇರಳೆ ಸೊಪ್ಪು ಹಾಕಿ ಹುಳುಗಳನ್ನು ಸಾಕಿ, ಚಂದ್ರಂಕಿಯಿಂದ ಗೂಡನ್ನು ಬಿಡಿಸಿ ಮಾರುಕಟ್ಟೆಗೆ ತರುವನು. ಗೂಡನ್ನು ಇಟ್ಟುಕೊಂಡಷ್ಟೂ ತೂಕವು ಕುಂದುವುದು. ಇನ್ನೂ ತಡವಾದರೆ ಚಿಟ್ಟೆಯು ಗೂಡನ್ನು ತೂತು ಮಾಡಿಕೊಂಡು ಹೊರಬಂದು ನೂಲು ಬಿಚ್ಚಲು ಬಾರದಂತಾಗುವುದು. ಚಿಂತಾಮಣಿಯ ಮಾರುಕಟ್ಟೆಗೆ ಬಂದ ಟೊಮ್ಯಾಟೊ ಹಣ್ಣಿನ ಸ್ಥಿತಿಯೂ ಇಂತಹುದೇ. ಗೌರಿಬಿದನೂರಿನ ಮುಸುಕಿನ ಜೋಳದ ರೈತನು ಸಮೀಕ್ಷೆಯ ಗಡುವಿನೊಳಗೆ ಚಿತ್ರವನ್ನು ಸೇರಿಸಲಾಗದೆ ಹೋದರೆ, ಅಥವಾ ಅವನ ಸರ್ವೆ ನಂಬರಿನ ಮುಂದೆ ಬೇರೊಂದು ಬೆಳೆಯ ಹೆಸರು ದಾಖಲಾದರೆ, ಅದರ ಫಲವು ಮಳೆ ಕೈಕೊಟ್ಟ ವರ್ಷದಲ್ಲಿ ಅವನ ಅರಿವಿಗೆ ಬರುವುದು. ಹೀಗಿರುವಲ್ಲಿ ಆ್ಯಪಿನ ತಯಾರಿಕೆಯು ಪೇಟೆಯ ಎಂಜಿನಿಯರುಗಳಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಸುಮ್ಮನಿರುವುದು ಸರಿಯಲ್ಲ.

ತಯಾರಿಕೆಯ ಕ್ರಮ

ಆ್ಯಪೆಂಬುದು ಮೂಲತಃ ಸಾವಿರಾರು ಸಾಲುಗಳ ಬರವಣಿಗೆ. ಎಂಜಿನಿಯರುಗಳು ಬರೆದ ಈ ಸಾಲುಗಳನ್ನು ಒಂದು ಗಣಕಯಂತ್ರವು ಫೋನಿಗೆ ಹೊಂದುವ ರೂಪಕ್ಕೆ ಕಟ್ಟುವುದು. ಬಳಿಕ ಅದನ್ನು ಪರೀಕ್ಷಿಸಿ, ಕಂಪೆನಿಯ ಮೊಹರನ್ನು ಒತ್ತಿ, ಅಂತರ್ಜಾಲದ ಅಂಗಡಿಯ ಮೂಲಕ ಲಕ್ಷಾಂತರ ಫೋನುಗಳಿಗೆ ಕಳುಹಿಸುವರು. ಈ ಮೊಹರು ಕಾಗದದ ಮುದ್ರೆಯಲ್ಲ. ಗುಪ್ತವಾಗಿಡಬೇಕಾದ ಒಂದು ದೊಡ್ಡ ಸಂಖ್ಯೆ. ಬರೆಯುವುದರಿಂದ ಕಳುಹಿಸುವವರೆಗಿನ ಈ ಇಡೀ ಸಾಲಿಗೆ ಆ ಕಸಬಿನವರು ಪೈಪ್‌ಲೈನ್ ಎಂದು ಹೆಸರಿಟ್ಟಿರುವರು. ಕೊಳವೆಬಾವಿಯಿಂದ ತೋಟಕ್ಕೆ ಪೈಪನ್ನು ಹಾಯಿಸಿದ ರೈತನಿಗೆ ಈ ಹೆಸರಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಒಂದು ಕೀಲು ಸೋರಿದರೂ ನೀರು ಗಿಡದ ಬುಡವನ್ನು ಸೇರದು; ಒಂದು ಕೀಲಿನಲ್ಲಿ ವಿಷ ಬೆರೆತರೆ ತೋಟವೆಲ್ಲಕ್ಕೂ ಹರಿಯುವುದು.

ಹಳೆಯ ಪದ್ಧತಿಯಲ್ಲಿ ಈ ಕೆಲಸವೆಲ್ಲವೂ ಒಬ್ಬ ಎಂಜಿನಿಯರನ ಮೇಜಿನ ಮೇಲಿನ ಒಂದೇ ಯಂತ್ರದಲ್ಲಿ ನಡೆಯುತ್ತಿತ್ತು. ಇಂದಿಗೂ ಕೆಲವು ಸಣ್ಣ ಕಂಪೆನಿಗಳಲ್ಲಿ ಹೀಗೆಯೇ ನಡೆಯುವುದುಂಟು. ಮೊಹರು ಅವನ ಯಂತ್ರದಲ್ಲಿಯೇ ಇರುವುದು. ಅದರ ಗುಪ್ತಪದವು ಬರವಣಿಗೆಯ ನಡುವೆಯೇ ಇರುವುದು. ಬರೆದವನೇ ತನ್ನ ಬೆಲೆಬಾಳುವ ಫೋನಿನಲ್ಲಿ ನಾಲ್ಕು ಗುಂಡಿಗಳನ್ನು ಒತ್ತಿ ನೋಡಿ ಪರೀಕ್ಷೆ ಮುಗಿಯಿತೆನ್ನುವನು. ಅವನು ಕೆಲಸ ಬಿಟ್ಟು ಹೋದರೆ ಆ್ಯಪನ್ನು ಮತ್ತೆ ಕಟ್ಟುವುದೇ ಕಷ್ಟವಾಗುವುದು. ಇಂತಹ ಪದ್ಧತಿಯನ್ನು ಹೊಸದು ಮಾಡುವುದು ಅವಶ್ಯವೇ ಸರಿ. ಆದರೆ ಹೊಸದು ಮಾಡುವುದೆಂದರೆ ವಾರಕ್ಕೊಂದು ಬದಲಾವಣೆಯನ್ನು ದಿನಕ್ಕೆ ಹತ್ತರಂತೆ ಕಳುಹಿಸುವುದೆಂದು ಭಾವಿಸಿದರೆ ರೋಗವು ಬೇಗ ಹರಡಲು ರಸ್ತೆಯನ್ನು ಮಾಡಿಕೊಟ್ಟಂತಾಗುವುದು.

ಬಿತ್ತನೆ ಕೋಠಿಯ ಪಾಠ

ಈ ಪ್ರಾಂತ್ಯದವರಿಗೆ ಇದಕ್ಕೆ ತಕ್ಕ ಉದಾಹರಣೆಯು ಮನೆಯ ಬಾಗಿಲಿನಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪೆಬ್ರಿನ್ ಎಂಬ ಗಂಟುರೋಗವು ಫ್ರಾನ್ಸ್ ದೇಶದ ರೇಷ್ಮೆ ಕಸಬನ್ನು ಹಾಳುಗೆಡವಿತು. ಲೂಯಿ ಪಾಶ್ಚರರು ೧೮೬೫ರಲ್ಲಿ ಈ ರೋಗದ ಶೋಧನೆಗೆ ತೊಡಗಿ ೧೮೭೦ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುವುದೆಂದು ತಿಳಿದು ಅವರು ಹೇಳಿದ ಉಪಾಯವು ಬಹಳ ಸರಳವಾದುದು: ಪ್ರತಿಯೊಂದು ಚಿಟ್ಟೆಯಿಂದಲೂ ಬೇರೆಬೇರೆಯಾಗಿ ಮೊಟ್ಟೆ ಇಡಿಸಬೇಕು, ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು, ರೋಗಾಣುವು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕು. ರೋಗರಹಿತ ಮೊಟ್ಟೆಗಳ ತಯಾರಿಕೆಗೆ ಇಂದಿಗೂ ಈ ತತ್ತ್ವವೇ ಆಧಾರ. ಮೊಟ್ಟೆಯ ತಯಾರಿಕೆಯನ್ನು ಮನಸ್ಸು ಬಂದವರು ಮಾಡದಂತೆ ಮೈಸೂರು ರಾಜ್ಯದಲ್ಲಿ ೧೯೫೯ರ ಕಾಯಿದೆಯು ಲೈಸೆನ್ಸಿನ ಕಟ್ಟುಪಾಡನ್ನು ವಿಧಿಸಿತು.

ಧಾನ್ಯದ ಬಿತ್ತನೆಗೆ ೧೯೬೬ರ ಬೀಜ ಕಾಯಿದೆ ಇದೆ. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿಯನ್ನು ಕಟ್ಟುವ ಅಧಿಕಾರವು ಬೀಜವನ್ನು ಬೆಳೆದವನಿಗಿಲ್ಲ. ಬೇರೊಂದು ಪ್ರಮಾಣನ ಸಂಸ್ಥೆಗಿದೆ. ಬೀಜದ ಮೊಳಕೆಯ ಪ್ರಮಾಣವೇನು, ಶುದ್ಧತೆಯೆಷ್ಟು, ಪರೀಕ್ಷೆಯ ದಿನ ಯಾವುದು ಎಂಬುದೆಲ್ಲವೂ ಆ ಚೀಲದ ಮೇಲಿರುವುದು. ತಯಾರಿಸುವವನು ಬೇರೆ, ಪರೀಕ್ಷಿಸುವವನು ಬೇರೆ, ಮೊಹರು ಒತ್ತುವವನು ಬೇರೆ ಎಂಬ ಈ ವಿಭಾಗವೇ ನಂಬಿಕೆಗೆ ತಳಹದಿಯಾಗಿರುವುದು. ಆ್ಯಪುಗಳಲ್ಲಿಯೂ ಇದನ್ನೇ ಅನುಸರಿಸತಕ್ಕದ್ದು. ಒಬ್ಬನು ಬರೆದುದನ್ನು ಮತ್ತೊಬ್ಬನು ಓದಿ ಒಪ್ಪಬೇಕು. ಪ್ರತಿ ಸಲವೂ ಹಿಂದಿನ ಕಸವಿಲ್ಲದ ಹೊಸ ಯಂತ್ರದಲ್ಲಿ ಕಟ್ಟಬೇಕು. ಪರೀಕ್ಷೆಗಳು ತಾವಾಗಿಯೇ ನಡೆದು, ಒಂದರಲ್ಲಿ ತಪ್ಪಿದರೂ ಮುಂದಿನ ಬಾಗಿಲು ತೆರೆಯಕೂಡದು. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ೧೯೦೩ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ಕಾವಲುಗಾರನು ನಿದ್ರಿಸಿದರೂ ಎಚ್ಚರವಾಗಿದ್ದರೂ ನೀರಿನ ಮಟ್ಟವನ್ನನುಸರಿಸಿ ಅವು ಕೆಲಸ ಮಾಡುತ್ತಿದ್ದುವು. ಪೈಪ್‌ಲೈನಿನ ಬಾಗಿಲುಗಳೂ ಅಂತಹವಾಗಿರಬೇಕು.

ಭದ್ರತೆಯ ವಿಷಯ

ತಯಾರಿಕೆಯ ಸ್ಥಳದಲ್ಲಿಯೇ ಕೇಡು ಹೊಕ್ಕ ನಿದರ್ಶನಗಳು ಈಚಿನ ವರ್ಷಗಳಲ್ಲಿ ಹಲವು ನಡೆದಿವೆ. ೨೦೧೫ರಲ್ಲಿ ಚೀನಾ ದೇಶದ ಕೆಲವು ಎಂಜಿನಿಯರುಗಳು ಆ್ಯಪಲ್ ಫೋನಿನ ಆ್ಯಪುಗಳನ್ನು ಕಟ್ಟುವ ಸಾಧನವನ್ನು ಮೂಲ ಸ್ಥಳದಿಂದ ಪಡೆಯದೆ ಬೇಗ ಸಿಕ್ಕುವುದೆಂದು ಬೇರೆಡೆಯಿಂದ ತಂದರು. ಆ ಸಾಧನದಲ್ಲಿಯೇ ಕಳ್ಳ ಬರವಣಿಗೆಯು ಸೇರಿದ್ದುದರಿಂದ ಅದರಲ್ಲಿ ಕಟ್ಟಿದ ಆ್ಯಪುಗಳೆಲ್ಲವೂ ಕೆಟ್ಟುವು. ೨೦೨೦ರಲ್ಲಿ ಬೆಳಕಿಗೆ ಬಂದ ಅಮೆರಿಕಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ಕಳ್ಳರು ಕಂಪೆನಿಯ ಕಟ್ಟುವ ಯಂತ್ರದೊಳಕ್ಕೆ ನುಗ್ಗಿದ್ದರು; ಕಂಪೆನಿಯ ಸ್ವಂತ ಮೊಹರನ್ನೇ ಹೊತ್ತ ಕೆಟ್ಟ ಆವೃತ್ತಿಯು ಸುಮಾರು ೧೮,೦೦೦ ಗ್ರಾಹಕರಿಗೆ ತಲಪಿತು. ೨೦೨೩ರ ಜನವರಿಯಲ್ಲಿ ಅನೇಕ ಕಂಪೆನಿಗಳಿಗೆ ಕಟ್ಟುವ ಯಂತ್ರಗಳನ್ನು ಒದಗಿಸುವ ಸರ್ಕಲ್‌ಸಿಐ ಸಂಸ್ಥೆಯು ತನ್ನಲ್ಲಿ ಇಟ್ಟಿದ್ದ ಗುಪ್ತಪದಗಳನ್ನೆಲ್ಲಾ ಬದಲಾಯಿಸಿಕೊಳ್ಳಿರೆಂದು ಗ್ರಾಹಕರಿಗೆ ತಿಳಿಸಬೇಕಾಯಿತು. ಒಬ್ಬ ಎಂಜಿನಿಯರನ ಯಂತ್ರಕ್ಕೆ ತಗುಲಿದ ಸೋಂಕೇ ಇದಕ್ಕೆ ಕಾರಣವಾಗಿತ್ತು.

ಇವುಗಳಿಂದ ಕಲಿಯಬೇಕಾದ ಪಾಠವೇನೆಂದರೆ, ಮೊಹರು ಒಂದೇ ಸಾಲದು. ಮೊಹರು ಒತ್ತುವ ಮನೆಯೂ ಶುದ್ಧವಾಗಿರಬೇಕು. ಆಂಡ್ರಾಯ್ಡ್ ಫೋನು ಮೊದಲಿನ ಮೊಹರನ್ನು ನೋಡಿಯೇ ಹೊಸ ಆವೃತ್ತಿಯನ್ನು ಒಪ್ಪುವುದು. ಮೊಹರು ಕಳ್ಳರ ಕೈಗೆ ಸಿಕ್ಕಿದರೆ ಅವರು ಮಾಡಿದ ಆ್ಯಪನ್ನೂ ನಿಜವಾದುದೆಂದೇ ನಂಬುವುದು. ಆದುದರಿಂದ ಮೊಹರನ್ನೂ ಗುಪ್ತಪದಗಳನ್ನೂ ಎಂಜಿನಿಯರುಗಳ ಯಂತ್ರದಲ್ಲಾಗಲಿ ಬರವಣಿಗೆಯಲ್ಲಾಗಲಿ ಇಡದೆ ಪ್ರತ್ಯೇಕವಾದ ಭದ್ರ ಕೋಶದಲ್ಲಿಟ್ಟು, ಬೇಕಾದ ಕೆಲಸಕ್ಕೆ ಬೇಕಾದಷ್ಟು ಹೊತ್ತು ಮಾತ್ರ ಕೊಡತಕ್ಕದ್ದು. ಹೊರಗಿನವರು ಬರೆದ ಭಾಗಗಳನ್ನು ಸೇರಿಸುವಾಗ ಅವುಗಳ ಹೆಸರು, ಆವೃತ್ತಿ, ಮೂಲ ಇವುಗಳ ಪಟ್ಟಿಯನ್ನು ಇಡತಕ್ಕದ್ದು.

ಪರೀಕ್ಷೆಯು ಹೊಲದಲ್ಲಿ ಆಗಬೇಕು

ಬೆಂಗಳೂರಿನ ಕಚೇರಿಯಲ್ಲಿ ಚೆನ್ನಾಗಿ ನಡೆದ ಆ್ಯಪು ಹೊಲದಲ್ಲಿ ನಡೆಯುವುದೆಂದು ಹೇಳಲಾಗದು. ಬೆಟ್ಟದ ಮರೆಯ ಹಳ್ಳಿಗಳಲ್ಲಿ ಸಿಗ್ನಲ್ ಬಂದು ಹೋಗುವುದು. ರೈತನ ಫೋನು ಅಗ್ಗದ್ದು, ಹಳೆಯದು. ಅದರಲ್ಲಿ ಜಾಗವೂ ಕಡಿಮೆ. ಅನೇಕ ಮನೆಗಳಲ್ಲಿ ಒಂದೇ ಫೋನನ್ನು ನಾಲ್ವರು ಉಪಯೋಗಿಸುವರು. ಚಿತ್ರವನ್ನು ತೆಗೆದು ಕಳುಹಿಸುವ ನಡುವೆ ಸಿಗ್ನಲ್ ತಪ್ಪಿದರೆ ಅದು ಕಳೆದುಹೋಗುವುದೋ ಉಳಿಯುವುದೋ ಎಂಬುದನ್ನು ಪರೀಕ್ಷಿಸಬೇಕು. ಕನ್ನಡದ ಒತ್ತಕ್ಷರಗಳು ಒಡೆಯದೆ ಕಾಣುವುವೋ ಎಂಬುದನ್ನು ನೋಡಬೇಕು. ಪಹಣಿಯಲ್ಲಿ ಜಂಟಿ ಖಾತೆಗಳಿರುವುವು. ಸರ್ವೆ ನಂಬರುಗಳು ಹಿಸ್ಸೆಗಳಾಗಿ ಒಡೆದಿರುವುವು. ಒಂದೇ ಹಳ್ಳಿಯಲ್ಲಿ ಮುನಿಯಪ್ಪ, ನಾರಾಯಣಪ್ಪ ಎಂಬ ಹೆಸರಿನವರು ಹಲವರಿರುವರು. ಇವೆಲ್ಲವನ್ನೂ ಪರೀಕ್ಷೆಯ ಪಟ್ಟಿಯಲ್ಲಿ ಸೇರಿಸದಿದ್ದರೆ ಒಬ್ಬನ ಪರಿಹಾರವು ಮತ್ತೊಬ್ಬನ ಖಾತೆಗೆ ಹೋಗಲು ಅವಕಾಶವಾಗುವುದು. ಪರೀಕ್ಷೆಗೆಂದು ನಿಜವಾದ ರೈತರ ಆಧಾರ್ ಸಂಖ್ಯೆಯನ್ನೂ ಬ್ಯಾಂಕಿನ ಖಾತೆಯನ್ನೂ ಉಪಯೋಗಿಸುವುದು ಮಾತ್ರ ಸರ್ವಥಾ ಕೂಡದು. ಕಲ್ಪಿತ ಹೆಸರುಗಳೂ ಸಂಖ್ಯೆಗಳೂ ಸಾಕು. ಜನರ ಸ್ವಂತ ವಿವರಗಳ ರಕ್ಷಣೆಗೆ ೨೦೨೩ರಲ್ಲಿ ಕೇಂದ್ರದ ಶಾಸನವೇ ಆಗಿದೆ.

ಪರೀಕ್ಷೆಯಲ್ಲಿ ತೇರ್ಗಡೆಯಾದುದನ್ನೂ ಒಂದೇ ಸಲಕ್ಕೆ ಎಲ್ಲರಿಗೂ ಕಳುಹಿಸಬಾರದು. ನೂರರಲ್ಲಿ ಒಬ್ಬರಿಗೆ, ಆಮೇಲೆ ಹತ್ತು ಜನರಿಗೆ, ದೋಷವಿಲ್ಲವೆಂದು ಕಂಡ ಮೇಲೆ ಉಳಿದವರಿಗೆ ಎಂಬಂತೆ ಮೆಟ್ಟಿಲುಮೆಟ್ಟಿಲಾಗಿ ಕಳುಹಿಸಲು ಅಂತರ್ಜಾಲದ ಅಂಗಡಿಗಳಲ್ಲಿಯೇ ಸೌಕರ್ಯವಿದೆ. ಇದನ್ನು ಅಲಕ್ಷಿಸಿದುದರ ಫಲವು ೨೦೨೪ರ ಜುಲೈ ೧೯ರಂದು ಲೋಕಕ್ಕೆ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿಯು ಕಳುಹಿಸಿದ ಒಂದು ದೋಷಯುಕ್ತ ಬದಲಾವಣೆಯಿಂದ ಸುಮಾರು ೮೫ ಲಕ್ಷ ಗಣಕಯಂತ್ರಗಳು ಸ್ತಬ್ಧವಾಗಿ ವಿಮಾನ ನಿಲ್ದಾಣಗಳೂ ಆಸ್ಪತ್ರೆಗಳೂ ತೊಂದರೆಗೊಳಗಾದುವು. ಅಲ್ಲಿ ಕಳ್ಳರ ಕೈವಾಡವಿರಲಿಲ್ಲ.

ಆಕ್ಷೇಪಣೆಗಳು

ಇಷ್ಟೆಲ್ಲವೂ ದೊಡ್ಡ ಕಂಪೆನಿಗಳಿಗೆ ಸರಿ, ಸಣ್ಣವರಿಗೆ ವೆಚ್ಚವು ಹೆಚ್ಚೆಂದು ಕೆಲವರು ಹೇಳಬಹುದು. ಹೊಸ ಪದ್ಧತಿಯನ್ನು ಏರ್ಪಡಿಸುವಾಗ ಕೆಲವು ತಿಂಗಳ ಶ್ರಮವೂ ಹಣವೂ ತಗುಲುವುದು ನಿಜ. ಆದರೆ ಕಟ್ಟುವ ಯಂತ್ರಗಳನ್ನು ಕೊಳ್ಳಬೇಕಾಗಿಲ್ಲ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವುವು. ಪರೀಕ್ಷೆಯ ಸಾಧನಗಳಲ್ಲಿ ಹಲವು ಉಚಿತವಾಗಿ ಸಿಕ್ಕುವುವು. ಕೈಯಿಂದ ಪದೇಪದೇ ಮಾಡುವ ಪರೀಕ್ಷೆಯ ಕೂಲಿಯೂ ಕಡಿಮೆಯಾಗುವುದು. ಪರೀಕ್ಷೆಯಿಂದ ತಡವಾಗುವುದೆಂಬುದು ಇನ್ನೊಂದು ಆಕ್ಷೇಪಣೆ. ಯಂತ್ರವು ಮಾಡುವ ಪರೀಕ್ಷೆಗೆ ಹಿಡಿಯುವುದು ನಿಮಿಷಗಳು. ಕೆಟ್ಟ ಆ್ಯಪಿನಿಂದ ಹೋಗುವುದು ರೈತನ ಒಂದು ಬೆಳೆ.

ಮಾಡತಕ್ಕ ಕೆಲಸ

ಕಂಪೆನಿ ಕಾಯಿದೆಗೆ ೨೦೦೨ರಲ್ಲಿ ಆದ ತಿದ್ದುಪಡಿಯಿಂದ ರೈತರೇ ಉತ್ಪಾದಕರ ಕಂಪೆನಿಗಳನ್ನು ಸ್ಥಾಪಿಸಿಕೊಳ್ಳಲು ಅವಕಾಶವಾಯಿತು. ಇಂತಹ ಕಂಪೆನಿಗಳೂ ಸಹಕಾರ ಸಂಘಗಳೂ ಆ್ಯಪನ್ನು ಮಾಡಿಸುವ ಮುನ್ನ ಕರಾರಿನಲ್ಲಿ ಈ ಕೆಳಗಿನ ಅಂಶಗಳನ್ನು ಬರೆಯಿಸಿಕೊಳ್ಳುವುದು ಒಳ್ಳೆಯದು:

೧. ಆ್ಯಪಿನ ಮೂಲ ಬರವಣಿಗೆ, ಮೊಹರು, ಅಂಗಡಿಯ ಖಾತೆ ಇವು ಮಾಡಿಸಿದವರ ಹೆಸರಿನಲ್ಲಿಯೇ ಇರತಕ್ಕದ್ದು.

೨. ಬರೆದವನ ಹೊರತು ಇನ್ನೊಬ್ಬನು ಒಪ್ಪದೆ ಯಾವ ಬದಲಾವಣೆಯೂ ಹೊರಡಕೂಡದು.

೩. ನಡೆದ ಪರೀಕ್ಷೆಗಳ ಪಟ್ಟಿಯನ್ನೂ ಹೊರಗಿನಿಂದ ಸೇರಿಸಿದ ಭಾಗಗಳ ಪಟ್ಟಿಯನ್ನೂ ಪ್ರತಿ ಆವೃತ್ತಿಯೊಡನೆ ಒಪ್ಪಿಸತಕ್ಕದ್ದು.

೪. ಹಳೆಯ, ಅಗ್ಗದ ಫೋನುಗಳಲ್ಲಿ, ಸಿಗ್ನಲ್ ಇಲ್ಲದ ಸ್ಥಳದಲ್ಲಿ, ಕನ್ನಡದಲ್ಲಿ ಪರೀಕ್ಷೆಯಾಗತಕ್ಕದ್ದು.

೫. ಹೊಸ ಆವೃತ್ತಿಯನ್ನು ಸ್ವಲ್ಪಸ್ವಲ್ಪವಾಗಿ ಕಳುಹಿಸತಕ್ಕದ್ದು; ಕೆಟ್ಟುದು ಕಂಡರೆ ಕೂಡಲೆ ನಿಲ್ಲಿಸುವ ಏರ್ಪಾಡಿರತಕ್ಕದ್ದು.

೬. ಗೂಡಿನ ಹರಾಜು, ಸಮೀಕ್ಷೆಯ ಕೊನೆಯ ದಿನ ಮೊದಲಾದ ಸಮಯಗಳಲ್ಲಿ ಬದಲಾವಣೆಯನ್ನು ಕಳುಹಿಸಕೂಡದು.

ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ರೇಷ್ಮೆ ಕೃಷಿ ಮಹಾವಿದ್ಯಾಲಯವೂ ಇವೆ. ಹೊಸ ತಳಿಯನ್ನು ರೈತರ ಹೊಲದಲ್ಲಿಯೇ ಪರೀಕ್ಷಿಸಿ ನೋಡುವ ಪದ್ಧತಿಯು ಇಂತಹ ಕೇಂದ್ರಗಳಿಗೆ ಹೊಸದಲ್ಲ. ಆ್ಯಪುಗಳನ್ನೂ ಇದೇ ರೀತಿಯಲ್ಲಿ ಕೆಲವು ಹಳ್ಳಿಗಳ ರೈತರ ಕೈಯಲ್ಲಿ ಮೊದಲು ಪ್ರಯೋಗಿಸಿ ನೋಡುವ ಏರ್ಪಾಡಾದರೆ ತಯಾರಕರಿಗೂ ರೈತರಿಗೂ ಸಮನಾದ ಉಪಕಾರವಾಗುವುದು.

ಚೀಟಿಯಿಲ್ಲದ ಬೀಜವನ್ನು ಜಾಣನಾದ ಬೇಸಾಯಗಾರನು ಬಿತ್ತಲಾರನು; ಪರೀಕ್ಷೆಯಾಗದ ಮೊಟ್ಟೆಯನ್ನು ತಟ್ಟೆಗೆ ಹಾಕಲಾರನು. ಆ್ಯಪಿನ ವಿಷಯದಲ್ಲಿಯೂ ಇದನ್ನು ಪರೀಕ್ಷಿಸಿದವರು ಯಾರು, ಇದರ ಮೊಹರು ಯಾರ ವಶದಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ರೈತರೂ ಅವರ ಸಂಘಗಳೂ ತಪ್ಪದೆ ಕೇಳುವಂತಾದರೆ, ತಯಾರಕರು ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಲೇಬೇಕಾಗುವುದು.